ಬಾವಿ ಮಾತಾಡುತ್ತಾ, ಭಾವ?

ಇಪ್ಪತ್ತೆರಡು ವರ್ಷ ಕೊಳಾಯಿ ಕೆಲಸ ಮಾಡಿದ ಮನುಷ್ಯನಿಗೆ ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿ ಸಿಕ್ಕಿದರೆ ಏನಾಗಬೇಕೋ ವಾಷರಣ್ಣನಿಗೂ ಅದೇ ಆಯಿತು. ಅವನು ಅದನ್ನು ಕೊರಳಿಂದ ತೆಗೆಯುವುದನ್ನೇ ಬಿಟ್ಟ. ಸ್ನಾನಕ್ಕೆ ಹೋದಾಗಲೂ ಅದು ಬಚ್ಚಲಮನೆಯ ಮೊಳೆಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ತೂಗುತ್ತಿರಬೇಕು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಯಾರ ಮನೆಯ ಯಾವ ನಲ್ಲಿ ತೊಟ್ಟಿಕ್ಕಿದರೂ, ಚೀಲ ಕೆಳಗಿಡುವ ಮೊದಲೇ "ವಾಷರ್ ಹೋಗಿದೆ" ಅನ್ನುತ್ತಿದ್ದುದರಿಂದ ಬೀದಿಗೆಲ್ಲ ಅವನು ವಾಷರಣ್ಣ. ಹೆಚ್ಚಿನ ಸಲ ವಾಷರೇ ಹೋಗಿರುತ್ತಿತ್ತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಊರಾಚೆಯ ಬಯಲಿನಲ್ಲಿ ದೊಡ್ಡದೊಂದು ಮೋಜಿನ ಪಾರ್ಕು ಏಳುತ್ತಿತ್ತು. ಅದರೊಳಗೆ ಆ ಸಿನಿಮಾದ ಊರನ್ನೇ ಕಟ್ಟುತ್ತಿದ್ದರು. ಆ ಸಿನಿಮಾ ಅಂದರೆ ಯಾವುದು ಎಂದು ಕೇಳುವವರು ಊರಲ್ಲಿ ಯಾರೂ ಇರಲಿಲ್ಲ. ಮೂರು ಭಾಗ, ಒಟ್ಟು ಎಂಟೂವರೆ ಗಂಟೆ. ಅದರಲ್ಲಿ ತಬ್ಬಲಿ ರಾಜಕುಮಾರಿ, ತೂಗುಸೇತುವೆ, ಮಂಜು ಎಲ್ಲ ಇದ್ದರೂ ಜನ ಮನಸೋತಿದ್ದು ಒಂದು ಬಾವಿಗೆ. ಎರಡನೇ ಭಾಗದ ಕೊನೆಯಲ್ಲಿ ರಾಜಕುಮಾರಿ ಆ ಬಾವಿಗೆ ಬಗ್ಗಿ "ಅಮ್ಮಾ, ಇದ್ದೀಯಾ?" ಅನ್ನುತ್ತಾಳೆ. ಒಳಗಿನಿಂದ ಸತ್ತ ತಾಯಿಯ ದನಿ "ಇದ್ದೀನಿ, ಮಗಳೇ" ಅನ್ನುತ್ತದೆ. ಅಷ್ಟೇ. ಅಷ್ಟಕ್ಕೇ ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿತ್ತು.

ವಾಷರಣ್ಣನೂ ಹೆಂಡತಿಯ ಜೊತೆ ಹೋಗಿದ್ದ. ಹೆಸರು ತೋರಿಸುವಾಗಲೇ ನಿದ್ದೆ ಹೋಗಿದ್ದ. ಮೂರೂ ಭಾಗದಲ್ಲಿ ಅವನಿಗೆ ಗೊತ್ತಿದ್ದುದು ಮಧ್ಯಂತರಗಳು ಮಾತ್ರ.

ಪಾರ್ಕಿನಲ್ಲಿ ಅವನ ಕೆಲಸ ಟಾಯ್ಲೆಟ್ಟುಗಳ ಪೈಪು ಜೋಡಿಸುವುದು. ಹೆಂಗಸರ ಟಾಯ್ಲೆಟ್ಟಿನ ಹಿಂದೆ, ಗಿಡಗಳಿಗೆ ಬಿಡುವ ಮಳೆನೀರು ಹಿಡಿಯಲು, ಸೊಂಟದೆತ್ತರದ ಗುಂಡನೆಯ ತೊಟ್ಟಿಯೊಂದನ್ನು ಕಟ್ಟಿದ್ದರು. ಕೆಲಸಗಾರರೆಲ್ಲ ಅದನ್ನು "ಬಾವಿ" ಅನ್ನುತ್ತಿದ್ದರು. ಆಮೇಲೆ ಆದ ಅನಾಹುತಕ್ಕೆಲ್ಲ ಮೂಲ ಈ ಎರಡಕ್ಷರ.

ಭಾನುವಾರ ಮಧ್ಯಾಹ್ನ ಭಾಮೈದ ತನ್ನ ತಾಯಿಯನ್ನು ಕರೆದುಕೊಂಡು ಊಟಕ್ಕೆ ಬಂದ. ಇವನಿಗೊಂದು ಜೆರಾಕ್ಸ್ ಅಂಗಡಿ ಇತ್ತು. ಜೊತೆಗೆ ಆ ಸಿನಿಮಾದ ಅಭಿಮಾನಿ ಸಂಘದ ಕಾರ್ಯದರ್ಶಿ. ಎರಡೂ ಒಬ್ಬನಲ್ಲೇ ಸೇರಿದರೆ ಯಾವ ಮಾತೂ ಒಂದೇ ಪ್ರತಿಯಲ್ಲಿ ಉಳಿಯುವುದಿಲ್ಲ. ಊಟಕ್ಕೆ ಕೂತವನು ತಟ್ಟೆಯ ಕಡೆ ನೋಡಲೇ ಇಲ್ಲ.

"ಭಾವ, ಬೇರೇನೂ ಕೇಳಲ್ಲ. ಒಂದೇ ಮಾತು. ಅಲ್ಲಿ ಬಾವಿ ಇದೆಯಾ?"

"ಇದೆ."

"ನೀವು ಕಣ್ಣಾರೆ ನೋಡಿದ್ದೀರಾ?"

"ನೋಡೋದೇನು ಬಂತು? ಅದಕ್ಕೆ ಪೈಪ್ ಹಾಕಿದ್ದೇ ನಾನು."

ಭಾಮೈದ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟ. ದನಿ ತಗ್ಗಿತು. "ಮಾತಾಡುತ್ತಾ, ಭಾವ?"

"ಮಾತಾಡದೆ ಏನು? ಪೈಪಲ್ಲಿ ಗಾಳಿ ಸಿಕ್ಕಿಕೊಂಡರೆ ಬಾಯೇ ಮುಚ್ಚಲ್ಲ. ನಿನ್ನೆ ಮಧ್ಯಾಹ್ನವೆಲ್ಲ ತಲೆ ತಿಂದುಬಿಡ್ತು."

"ನಿನ್ನೆ ಮಾತಾಡಿತಾ? ಏನಂತು?"

ಗೊಳಗೊಳ ಅಂತು ಎಂದು ಹೇಳಲು ವಾಷರಣ್ಣ ಬಾಯಿ ತೆರೆದ. ತೆರೆದವನು ಸುತ್ತ ನೋಡಿದ. ಹೆಂಡತಿ ಬಡಿಸುವ ಸೌಟು ಹಿಡಿದು ಹಾಗೇ ನಿಂತಿದ್ದಳು. ಅತ್ತೆಯವರು, ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅಳಿಯನನ್ನು ನೇರವಾಗಿ ಮಾತಾಡಿಸದ ಅತ್ತೆಯವರು, ಅವನ ಮುಖವನ್ನೇ ನೋಡುತ್ತಿದ್ದರು. ನಾಲಿಗೆಗೆ ಎಲುಬಿಲ್ಲ, ಅದು ಅಲ್ಲೇ ದಿಕ್ಕು ಬದಲಿಸಿತು.

"ಅದನ್ನೆಲ್ಲ ಹೊರಗೆ ಹೇಳೋ ಹಾಗಿಲ್ಲಪ್ಪ. ಸಹಿ ಹಾಕಿ ಕೊಟ್ಟಿದ್ದೀನಿ."

ಸಹಿ ಹಾಕಿದ್ದು ನಿಜ. ಹೆಲ್ಮೆಟ್ ಕೊಟ್ಟದ್ದಕ್ಕೆ ಎಂದು ಅವನು ತಿಳಿದಿದ್ದ.

ಭಾಮೈದ ಅರ್ಧ ಊಟಕ್ಕೇ ಎದ್ದು ಅಂಗಡಿಗೆ ಓಡಿದ. ಅತ್ತೆಯವರು ಮಗಳ ಕಡೆ ತಿರುಗಿ, "ನಿಮ್ಮವರಿಗೆ ಇನ್ನೊಂದು ಸ್ವಲ್ಪ ಬಡಿಸಬೇಕಾ ಅಂತ ಕೇಳು," ಅಂದರು. ಅವರು ಇಷ್ಟು ಹೇಳಿದ್ದೂ ಅದೇ ಮೊದಲು.

ಮಾರನೆಯ ದಿನ ಅತ್ತೆಯವರು ಎರಡು ಚೀಲ, ಒಂದು ದಿಂಬಿನ ಸಮೇತ ಮಗಳ ಮನೆಗೇ ಬಂದುಬಿಟ್ಟರು, ಪಾರ್ಕು ತೆರೆಯುವವರೆಗೆ ಇರಲು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಈ ಊರಿನಲ್ಲಿ ಕರುವಿಗೆ ಗಂಟೆ ತಂದವರೂ ಇದ್ದರು. ಕ್ಷೌರದಂಗಡಿಯವನು ವಾಷರಣ್ಣನನ್ನು ಸಾಲು ತಪ್ಪಿಸಿ ಕುರ್ಚಿಗೆ ಹತ್ತಿಸಿದ. ಅರ್ಧ ಮೀಸೆ ಕತ್ತರಿಸಿ, ಉಳಿದರ್ಧ ಹೇಳಿದ ಮೇಲೆ ಎಂದು ಕತ್ತರಿ ಎತ್ತಿ ಹಿಡಿದ. ಟೈಲರಮ್ಮ ಮೂವತ್ತೆರಡು ಗುಂಡಿಯ ರಾಜಕುಮಾರಿ ನಿಲುವಂಗಿಯನ್ನು ತನ್ನ ಅಳತೆಗೇ ಹೊಲಿದುಕೊಂಡು, ಅದನ್ನು ಹಾಕಿಕೊಂಡು ಬಗ್ಗಿದರೆ ಬಾವಿಯ ಕಟ್ಟೆ ಹೊಟ್ಟೆಗೆ ತಾಗುತ್ತದೋ ಎಂದು ಕೇಳಲು ಬಂದಳು.

ಇವರೆಲ್ಲರಿಗಿಂತ ಕಷ್ಟದವರು ಎದುರುಮನೆಯ ಹೆಡ್‌ಮೇಷ್ಟ್ರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಇಂಥ ಗಂಭೀರ ಮನುಷ್ಯ ಆ ಸಿನಿಮಾವನ್ನು ಹನ್ನೊಂದು ಸಲ, ಅದೂ ಬೇರೆ ಬೇರೆ ಟಾಕೀಸಿನಲ್ಲಿ ಗುರುತು ಸಿಗದ ಹಾಗೆ, ನೋಡಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವರು ನಲವತ್ತೆರಡು ಪ್ರಶ್ನೆಗಳ ಪತ್ರಿಕೆಯನ್ನೇ ತಯಾರಿಸಿ ತಂದರು.

"ಏನಪ್ಪಾ, ಒಂದನೇ ಪ್ರಶ್ನೆ. ಚಿತ್ರದಲ್ಲಿ ತೂಗುಸೇತುವೆಗೆ ಹದಿಮೂರು ಹಲಗೆ, ಏಳನೆಯದು ಮುರಿದಿರುತ್ತೆ. ಅಲ್ಲಿ ಹೇಗೆ?"

"ಹೇಳೋ ಹಾಗಿಲ್ಲ ಮೇಷ್ಟ್ರೇ."

"ಅಂದ್ರೆ ಮುರಿದಿದೆ." ಅವರು ಸರಿ ಗುರುತು ಹಾಕಿಕೊಂಡರು. "ಎರಡನೆಯದು. ಮಂಜು ನಿಜವಾದದ್ದೋ ಹೊಗೆಯೋ?"

"ಅದೂ ಹೇಳೋ ಹಾಗಿಲ್ಲ."

"ನಿಜವಾದದ್ದು!"

ವಾಷರಣ್ಣ ನಲವತ್ತೆರಡಕ್ಕೂ ಅದನ್ನೇ ಹೇಳಿ ನಲವತ್ತೆರಡು ಅಂಕ ತೆಗೆದ. ಶಾಲೆಯಲ್ಲಿ ಅವನು ಹೀಗೆ ಓದಿದ್ದರೆ ಇವತ್ತು ಬೇರೆಯೇ ಆಗಿರುತ್ತಿದ್ದ.

ಆ ವಾರ ಸಂಘದ ತುರ್ತು ಸಭೆ ಸೇರಿತು. ವೇದಿಕೆಯ ನಡುವಿನ ಕುರ್ಚಿ ವಾಷರಣ್ಣನದು. ಬಾವಿ ಇದೆ, ಅದು ಮಾತಾಡುತ್ತದೆ ಎಂಬುದರಲ್ಲಿ ಈಗ ಯಾರಿಗೂ ಸಂಶಯ ಉಳಿದಿರಲಿಲ್ಲ. ಜಗಳ ಬೇರೆಯದು. ಮೊದಲ ಕೂಗಿಗೇ ಬಾವಿ ಓಗೊಡಬೇಕು ಎಂದು ಒಂದು ಪಂಗಡ. ಚಿತ್ರದಲ್ಲಿ ಓಗೊಡುವುದು ಮೂರನೇ ಕೂಗಿಗೆ, ಮೊದಲ ಕೂಗಿಗೇ ಎದ್ದು ಬರಲು ಅದೇನು ಹೋಟೆಲ್ ಮಾಣಿಯೇ ಎಂದು ಇನ್ನೊಂದು ಪಂಗಡ. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಸಾಲಿನಲ್ಲಿ ಕೂತರು. ಕುರ್ಚಿಯೊಂದು ಗಾಳಿಯಲ್ಲಿ ಎದ್ದಾಗ ಭಾಮೈದ ಮೈಕು ಹಿಡಿದು, "ಭಾವ, ನೀವೇ ಹೇಳಿಬಿಡಿ. ಒಂದಾ, ಮೂರಾ?" ಅಂದ.

ವಾಷರಣ್ಣನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಆದರೆ ಪೈಪಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. "ಅದು ಒತ್ತಡದ ಮೇಲೆ ಹೋಗುತ್ತೆ," ಅಂದ.

ಎದ್ದಿದ್ದ ಕುರ್ಚಿ ಕೆಳಗಿಳಿಯಿತು. ಕರೆಯುವವರ ಮನಸ್ಸಿನ ಒತ್ತಡ! ಮೂರನೇ ಸಾಲಿನಲ್ಲಿ ಯಾರೋ ಬಿಕ್ಕಿದರು. ಮಾರನೆಯ ದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: "ಬಾವಿ ಮಾತಾಡುವುದು ಖಚಿತ: ಒಳಗಿನ ಮೂಲಗಳು."

ಒಳಗಿನ ಮೂಲವನ್ನು ಪಾರ್ಕಿನ ಮ್ಯಾನೇಜರು ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಕರೆಸಿದ. ಹೊಸ ಆಫೀಸು, ಗೋಡೆಗೆ ಬಣ್ಣದ ವಾಸನೆ ಇನ್ನೂ ಇತ್ತು. ಮ್ಯಾನೇಜರು ಬಾಗಿಲು ಹಾಕಿಸಿ, ಕಿಟಕಿ ಮುಚ್ಚಿ, ಟೈ ಬಿಗಿಮಾಡಿಕೊಂಡ.

"ನಮ್ಮಲ್ಲಿ ದೊಡ್ಡ ಸೋರಿಕೆ ಆಗಿದೆ."

ವಾಷರಣ್ಣ ಕೊರಳಿನ ಚೀಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇದು ಹೇಗೆ ಗೊತ್ತಾಯಿತು ಇವರಿಗೆ?

"ಹೌದು ಸಾರ್. ನನ್ನದೇ ತಪ್ಪು."

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಮ್ಯಾನೇಜರು ಎಣಿಸಿರಲಿಲ್ಲ. "ಎಷ್ಟು ದಿನದಿಂದ ನಡೀತಿದೆ?"

"ಹದಿನೈದು ದಿನ ಆಯ್ತು ಸಾರ್. ಸಣ್ಣದು, ತಾನೇ ನಿಂತುಹೋಗುತ್ತೆ ಅಂದುಕೊಂಡೆ."

"ಎಲ್ಲಿ ಶುರುವಾಯ್ತು?"

"ಹೆಂಗಸರ ಟಾಯ್ಲೆಟ್ಟಲ್ಲಿ."

ಮ್ಯಾನೇಜರು ಪೆನ್ನು ಕೆಳಗಿಟ್ಟ. "ಅಲ್ಲಿ ನಿನಗೇನು ಕೆಲಸ? ಯಾರ್ಯಾರಿಗೆ ಹೋಗಿದೆ ಅದು?"

"ಯಾರಿಗೂ ಹೋಗಿಲ್ಲ ಸಾರ್, ಗೋಡೆಗೆ ಹೋಗಿದೆ."

"ಗೋಡೆಗೂ ಕಿವಿ ಇರುತ್ತೆ!"

"ಕಿವಿ ಗೊತ್ತಿಲ್ಲ ಸಾರ್. ಬೂಷ್ಟು ಬಂದಿದೆ."

"ನೋಡು, ಬಾಯಿ ಮುಚ್ಚಬೇಕು. ಇವತ್ತೇ, ಈಗಲೇ."

"ಮುಚ್ತೀನಿ ಸಾರ್. ಅರ್ಧ ಇಂಚಿನ ಒಂದು ಮುಚ್ಚಳ ಸಿಕ್ಕಿದ್ರೆ ಸಾಕು. ಮೂಲದಲ್ಲಿ ವಾಷರ್ ಹೋಗಿದೆ."

ಮ್ಯಾನೇಜರು ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದ. ವಾಷರಣ್ಣ ನಿಧಾನವಾಗಿ ಓದಿದ. ಬಾವಿ ಇರುವುದು ನಿಜವಲ್ಲವೇ, ಇದರಲ್ಲಿ ತಪ್ಪೇನು ಎಂದು ಕೇಳಿದ. ಇಲ್ಲಿ ಬಾವಿ ಇಲ್ಲ, ನಕ್ಷೆಯಲ್ಲಿದ್ದ ಬಾವಿಯನ್ನು ಕಿತ್ತು ಗೊಂಬೆ ಅಂಗಡಿ ಹಾಕಿ ಆರು ತಿಂಗಳಾಯಿತು ಎಂದು ಮ್ಯಾನೇಜರು ಮೇಜು ಕುಟ್ಟಿದ. ಕುಟ್ಟಿ ಕುಟ್ಟಿ ಸುಸ್ತಾದ ಮೇಲೆ, ಈ ಮನುಷ್ಯನಿಗೆ ಕತೆಯೇ ಗೊತ್ತಿಲ್ಲ ಎಂಬುದು ಹೊಳೆಯಿತು. ವಾಷರಣ್ಣನನ್ನು ಕೂರಿಸಿ ಸಿನಿಮಾದ ಕತೆ ಹೇಳಿದ. ಮೊದಲು ಸಿಟ್ಟಿನಿಂದ ಹೇಳಿದ. ಸೇತುವೆ ದಾಟುವಾಗ ಸಿಟ್ಟು ಇಳಿಯಿತು. ಬಾವಿಯ ಹತ್ತಿರ ಬರುವಾಗ ಟೈ ಸಡಿಲಿಸಿಕೊಂಡ.

"ಅವಳು ಬಗ್ಗಿ ಕರೀತಾಳೆ... ಮೂರು ಸಲ... ಆಗ ಒಳಗಿಂದ..." ಮ್ಯಾನೇಜರು ಕಿಟಕಿಯ ಕಡೆ ತಿರುಗಿಕೊಂಡ. ವಾಷರಣ್ಣ ಏನು ಮಾಡುವುದೆಂದು ತಿಳಿಯದೆ ಜೇಬಿನಲ್ಲಿದ್ದ, ಪೈಪು ಒರೆಸುವ ಬಟ್ಟೆ ಚೂರನ್ನು ಮುಂದೆ ಚಾಚಿದ. ಮ್ಯಾನೇಜರು ಅದರಲ್ಲೇ ಕಣ್ಣೊರೆಸಿಕೊಂಡ; ಹುಬ್ಬಿಗೆ ಗ್ರೀಸು ಹತ್ತಿತು.

ಅಷ್ಟರಲ್ಲಿ ಫೋನು ಬಡಿಯಿತು. ಪಾರ್ಕಿನ ಯಜಮಾನರು. ಮ್ಯಾನೇಜರು ಎದ್ದು ನಿಂತು ಕಿವಿಗಿಟ್ಟುಕೊಂಡ. ಪತ್ರಿಕೆ ಅವರಿಗೂ ತಲುಪಿತ್ತು. ಎರಡೇ ದಿನದಲ್ಲಿ ಬಾವಿಗೆ ಧನ್ಯವಾದ ಹೇಳಿ ಆರು ಸಾವಿರ ಪತ್ರ ಬಂದಿದ್ದವಂತೆ. ಬಾವಿಯನ್ನು ಉಳಿಸುವ ಬುದ್ಧಿ ಯಾರದು ಎಂದು ಕೇಳಿದರು.

"ನನ್ನದೇ ಸಾರ್," ಅಂದ ಮ್ಯಾನೇಜರು. ಫೋನು ಇಟ್ಟು ವಾಷರಣ್ಣನ ಕಡೆ ನೋಡಿದ. "ತೆರೆಯೋಕೆ ಇನ್ನು ಹತ್ತು ದಿನ ಇದೆ. ನಡಿ. ಎಲ್ಲಿದೆ ನಿನ್ನ ಬಾವಿ?"

ಹಗಲು ಕಂಡ ಬಾವಿಗೆ ಇರುಳು ಬಿದ್ದವರನ್ನು ಗಾದೆ ಬಲ್ಲದು. ಕಾಣದ ಬಾವಿಗೆ ಹಾಡಹಗಲೇ ಬಿದ್ದವರು ಇವರಿಬ್ಬರೇ ಇರಬೇಕು. ಮಳೆನೀರಿನ ತೊಟ್ಟಿಗೆ ಪಾಚಿ ಬಣ್ಣ ಬಳಿದರು, ಸಿಮೆಂಟಿನಲ್ಲಿ ಹಳೆಯ ಕಲ್ಲು ಮಾಡಿದರು, ಟಾಯ್ಲೆಟ್ಟಿಗೆ ಅಡ್ಡಲಾಗಿ ಬಿದಿರು ನೆಟ್ಟರು. ವಿದ್ಯುತ್ ಕೆಲಸದವನು ಕಟ್ಟೆಯ ಒಳಗೆ ಸ್ಪೀಕರ್ ಕೂರಿಸಿದ.

ತೆರೆಯುವ ದಿನ ಬಂತು. ಬೆಳಿಗ್ಗೆ ಎಂಟಕ್ಕೇ ಗೇಟಿನ ಹೊರಗೆ ಜನಜಾತ್ರೆ. ಒಳಗೆ ಕೊನೆಯ ಪರೀಕ್ಷೆ. ಮ್ಯಾನೇಜರು ತಾನೇ ಬಗ್ಗಿ, ಮೂರು ಸಲ, "ಅಮ್ಮಾ, ಇದ್ದೀಯಾ?" ಅಂದ. ಬಾವಿ ಕರ್ರೆಂದು ಗಂಟಲು ಸರಿಮಾಡಿಕೊಂಡು, "ಎರಡನೇ ಗೇಟಿಗೆ ಕಸದ ಗಾಡಿ ಬಂದಿದೆ, ಒಳಗೆ ಬಿಡ್ಲಾ?" ಎಂದು ಕೇಳಿತು. ಕಾವಲಿನವರ ವೈರ್‌ಲೆಸ್ ಮಾತೆಲ್ಲ ಅದರಲ್ಲೇ ಬರುತ್ತಿತ್ತು. ಬಿಚ್ಚಿದರು, ಜೋಡಿಸಿದರು, ತಟ್ಟಿದರು. ಬಾವಿ ಕಸದ ವಿಷಯ ಬಿಡಲಿಲ್ಲ. ಕೊನೆಗೆ ಸ್ಪೀಕರ್ ಕೈತಪ್ಪಿ ನೀರಿಗೇ ಬಿದ್ದು ಸುಮ್ಮನಾಯಿತು.

ಮ್ಯಾನೇಜರು ಕಟ್ಟೆಯ ಮೇಲೆ ಕುಸಿದು ಕೂತ. ವಾಷರಣ್ಣ ಸಮಾಧಾನಕ್ಕೆಂದು ಹೇಳಿದ. "ಸಾರ್, ನಾವು ಮಹಡಿ ಮೇಲಿಂದ ಕೆಳಕ್ಕೆ ಮಾತಾಡಬೇಕಾದ್ರೆ ಫೋನು ಗೀನು ಮಾಡಲ್ಲ. ಖಾಲಿ ಪೈಪಿಗೆ ಬಾಯಿಟ್ಟು ಕೂಗ್ತೀವಿ. ಈ ತೊಟ್ಟಿಗೂ ಪಕ್ಕದ ಪಂಪಿನ ಗುಂಡಿಗೂ ನಾಲ್ಕಿಂಚಿನ ಪೈಪ್ ಇದೆ..."

ಹೇಳಬಾರದಿತ್ತು. ಒಂಬತ್ತಕ್ಕೆ ಗೇಟು ತೆರೆದಾಗ ವಾಷರಣ್ಣ ನೆಲದಡಿಯ ಪಂಪಿನ ಗುಂಡಿಯಲ್ಲಿ, ಸ್ಟೂಲಿನ ಮೇಲೆ, ಪೈಪಿನ ಬಾಯಿಗೆ ಬಾಯಿ ಹೊಂದಿಸಿಕೊಂಡು ಕೂತಿದ್ದ. ಅವನಿಗೆ ಕಲಿಸಿದ್ದು ಒಂದೇ ಮಾತು.

ಮೊದಲು ಬಂದವಳು ಟೈಲರಮ್ಮ. ಮೂವತ್ತೆರಡು ಗುಂಡಿಯೂ ಹಾಕಿತ್ತು. ಬಗ್ಗಿ, ತೀರಿಹೋದ ತನ್ನ ಅಪ್ಪನನ್ನು ಕರೆದಳು. "ಅಪ್ಪಾ, ಇದ್ದೀಯಾ?" ವಾಷರಣ್ಣ ಆಗ ಪೈಪಿನಿಂದ ಜೇಡ ತೆಗೆಯುತ್ತಿದ್ದ. ಎರಡನೇ ಕೂಗಿಗೆ ಸೀನು ಬಂತು, ತಡೆದುಕೊಂಡ. ಮೂರನೇ ಕೂಗಿಗೆ ಮೇಲಿನವರ ಕಿವಿಗೆ ಬಿದ್ದದ್ದು ನೀರಿನ ಮೇಲೆ ತೇಲಿ ಬಂದ, ನೆಲದಾಳದ ಒಂದು ದನಿ. "ಇದ್ದೀನಿ, ಮಗಳೇ."

ಮೂರನೇ ಕೂಗಿನವರು ಕುಣಿದಾಡಿದರು. ಟೈಲರಮ್ಮ ಕಟ್ಟೆ ತಬ್ಬಿಕೊಂಡು ಅತ್ತಳು. ಎರಡು ಗುಂಡಿ ಕಿತ್ತು ನೀರಿಗೆ ಬಿದ್ದವು.

ಆಮೇಲೆ ಹೆಡ್‌ಮೇಷ್ಟ್ರು. ನಲವತ್ತೆರಡು ಪ್ರಶ್ನೆಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಯಾರಿಗೂ ಕೇಳಿಸದ ಹಾಗೆ ಬಗ್ಗಿದರು. "ಮೇಷ್ಟ್ರೇ, ಇದ್ದೀರಾ? ನಾನು, ಕೊನೇ ಬೆಂಚಿನವನು." ಅವರು ಮೂರು ಸಲ ಕರೆದ ಮೇಲೆ ಬಾವಿ ಹೇಳಿತು: "ಇದ್ದೀನಿ, ಮಗಳೇ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮೇಷ್ಟ್ರು ಮಾತ್ರ ಕಣ್ಣು ಒರೆಸಿಕೊಂಡು, "ಕನ್ನಡಕ ಹಾಕ್ಕೊಂಡಿಲ್ಲ, ಪಾಪ. ನಮ್ಮ ಮೇಷ್ಟ್ರು ಯಾವಾಗಲೂ ಹೀಗೇ," ಅಂದರು.

ಅವರ ಹಿಂದೆ ನಿಂತಿದ್ದವರು ಅತ್ತೆಯವರು. ಅವರು ಮಗನ ಕೈ ಬಿಡಿಸಿಕೊಂಡು ಒಬ್ಬರೇ ಮುಂದೆ ಬಂದರು. "ಏನೂಂದ್ರೆ... ಇದ್ದೀರಾ?"

ಕೆಳಗೆ ವಾಷರಣ್ಣ ದನಿಯ ಗುರುತು ಹತ್ತಿ ಸ್ಟೂಲಿನಿಂದ ಅರ್ಧ ಎದ್ದ. ಮೂರನೆಯ ಕೂಗಿಗೆ, "ಇದ್ದೀನಿ," ಅಂದ. ಮಗಳೇ ಎನ್ನದಿರುವಷ್ಟು ಬುದ್ಧಿ ಉಳಿದಿತ್ತು.

"ನೀವು ಹೋಗಿ ಹದಿನಾಲ್ಕು ವರ್ಷ ಆಯ್ತು. ಒಂದು ಮಾತು ಹೇಳೋದಿತ್ತು. ಆವತ್ತು ಆಫೀಸು ಕೆಲಸದ ಹುಡುಗ ಒಪ್ಪಿದ್ದ. ನೀವು ಹೋಗಿ ಹೋಗಿ ನಲ್ಲಿ ಸರಿಮಾಡೋಕೆ ಬಂದವರಿಗೆ ಮಗಳನ್ನ ಕೊಟ್ರಿ. ಅದಕ್ಕೇ ನಾನು ಅವರನ್ನ ಮಾತಾಡಿಸಲಿಲ್ಲ." ಅವರು ಸೆರಗು ಸರಿಮಾಡಿಕೊಂಡರು. "ಮೊದಲ ಎರಡು ವರ್ಷ ಕೋಪಕ್ಕೆ ಬಿಟ್ಟೆ. ಆಮೇಲೆ ಕೋಪ ಹೋಯ್ತು. ಆದರೆ ಶುರು ಮಾಡೋದು ಹೇಗೆ ಅಂತ ತಿಳೀಲಿಲ್ಲ. ಈಗ ಏನು ಮಾಡಲಿ, ಹೇಳಿ."

ಮೇಲೆ ಮ್ಯಾನೇಜರ ಟೈ ತಾನಾಗಿಯೇ ಬಿಗಿಯಾಯಿತು.

ಕೊನೆಗೆ ಬಾವಿ ಹೇಳಿತು: "ನಿಮ್ಮಿಷ್ಟ, ಅತ್ತೆ."

ಅತ್ತೆಯವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಿಮ್ಮ ಮಾವ ಬದುಕಿದ್ದಷ್ಟು ದಿನ ಒಂದು ಸಲವೂ 'ನಿಮ್ಮಿಷ್ಟ' ಅಂದವರಲ್ಲ," ಅಂದರು. "ಅಳಿಯಂದಿರೇ, ಕೆಳಗೆ ನೀರಲ್ಲಿ ನಿಂತಿದ್ದೀರೋ ಹೇಗೆ?"

"ಇಲ್ಲ ಅತ್ತೆ. ಸ್ಟೂಲ್ ಇದೆ."

"ತಿಂಡಿ ಆಯ್ತಾ?"

"ಇಲ್ಲ ಅತ್ತೆ."

ಮ್ಯಾನೇಜರು ಬಿದಿರಿನ ಹಿಂದೆ ಅಡಗಲು ಜಾಗ ಹುಡುಕತೊಡಗಿದ. ಪಕ್ಕದಲ್ಲೇ ನಿಂತಿದ್ದ ಹೆಡ್‌ಮೇಷ್ಟ್ರು ಮೆಲ್ಲಗೆ ಕೈ ಎತ್ತಿದರು. "ಅಂದ್ರೆ, ನನಗೆ ಉತ್ತರ ಕೊಟ್ಟಿದ್ದೂ..."

"ನೀವು ಕರೆದ್ರಿ. ಓಗೊಟ್ಟರೋ ಇಲ್ಲವೋ?" ಅತ್ತೆಯವರು ಕೇಳಿದರು.

"ಓಗೊಟ್ಟರು."

"ಮತ್ತೇನು? ಸರಿದು ನಿಲ್ಲಿ, ಹಿಂದೆ ಜನ ಇದ್ದಾರೆ."

ಹೆಡ್‌ಮೇಷ್ಟ್ರು ಯೋಚಿಸಿದರು. ಸರಿದು ನಿಂತರು. ಹಿಂದಿನಿಂದ ಯಾರೋ, "ಅಮ್ಮಾ, ನಿಮ್ಮನೆ ಮಾತು ಆಮೇಲೆ ಆಡಿ, ನಾವೂ ಕರೀಬೇಕು!" ಎಂದು ಕೂಗಿದರು. ಸಾಲಿನಿಂದ ಒಬ್ಬರೂ ಕದಲಲಿಲ್ಲ. ಗೇಟಿನ ಆಚೆಗೂ ಸುದ್ದಿ ಹೋಯಿತು, ಒಳಗಿರುವುದು ವಾಷರಣ್ಣನಂತೆ ಎಂದು. ಸಾಲು ಇನ್ನಷ್ಟು ಬೆಳೆಯಿತು.

ಅತ್ತೆಯವರು ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಆಡಳಿತ ವಹಿಸಿಕೊಂಡರು. ಒಬ್ಬೊಬ್ಬರಿಗೆ ಮೂರೇ ಕೂಗು. ಮಗನೋ ಮಗಳೋ ಎಂದು ಮೊದಲೇ ಹೇಳಬೇಕು. ಗಂಟೆಗೊಂದು ಸಲ ಒಳಗಿನವರು ನೀರು ಕುಡಿಯುವವರೆಗೆ ಯಾರೂ ದುಃಖಪಡುವಂತಿಲ್ಲ. ಮಧ್ಯಾಹ್ನ ಮನೆಯಿಂದ ದೊಡ್ಡ ಬುತ್ತಿ ತರಿಸಿ, ಹಗ್ಗ ಕಟ್ಟಿ, ಅವರೇ ಗುಂಡಿಗೆ ಇಳಿಬಿಟ್ಟರು.

ಸಂಜೆ ಆರಕ್ಕೆ ಸಾಲು ಕರಗಿ ಒಬ್ಬನೇ ಉಳಿದ. ಒಳಗೆ ಯಾರಿದ್ದಾರೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನು. ಇಳಿಸಿದವನೇ ಅವನು. ಅತ್ತೆಯವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಗ," ಎಂದು ಪೈಪಿನ ಕಡೆ ಹೇಳಿ, ಮುಖ ಆಚೆ ತಿರುಗಿಸಿಕೊಂಡರು.

ಮ್ಯಾನೇಜರು ಬಗ್ಗಿದ. "ಅಮ್ಮಾ, ಇದ್ದೀಯಾ?"

ಕೆಳಗಿನವನು ಎರಡನೇ ಕೂಗಿಗೆ ಕಾಯಲಿಲ್ಲ.

"ಇದ್ದೀನಿ, ಮಗನೇ. ಬೆಳಿಗ್ಗೆಯಿಂದ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಯಾ?"

"ಇಲ್ಲಮ್ಮ. ಪುರುಸೊತ್ತೇ ಆಗಲಿಲ್ಲ."

"ಇಲ್ಲಿ ಬುತ್ತಿಯಲ್ಲಿ ಅರ್ಧ ಉಳಿದಿದೆ. ಕೆಳಗೆ ಬಂದು ಊಟ ಮಾಡು."

ಮ್ಯಾನೇಜರು ಟೈ ಬಿಚ್ಚಿ ಜೇಬಿಗಿಟ್ಟುಕೊಂಡು, ಯಾರ ಕಡೆಯೂ ನೋಡದೆ, ಏಣಿ ಹಿಡಿದು ಇಳಿದ.